ಚೆಲ್ಲಿಹೋದ ಎರಡು ಚೀಲ

ಸೇಕಿಚಿಯ ಎರಡು ಚೀಲ ರಕ್ತವನ್ನು ಚೆಲ್ಲಬೇಕಾಯಿತೆಂದು ನರ್ಸ್ ಸೊಂಟ ಬಗ್ಗಿಸಿ ಕ್ಷಮೆ ಕೇಳಿದಾಗ ಅವನ ಹೆಂಡತಿ ಫುಮಿಯೆಗೆ ಮೈಯೆಲ್ಲ ಉರಿದುಹೋಯಿತು. ಕ್ಷಮೆ ಕಟ್ಟಿಕೊಂಡು ಏನು ಮಾಡುವುದು? ಲಿವರಿನ ಗೆಡ್ಡೆ ತೆಗೆಯುವಾಗ ರಕ್ತ ಧಾರಾಳವಾಗಿ ಹೋಗುತ್ತದೆ. ಸೇಕಿಚಿಯದು ಸುಲಭಕ್ಕೆ ಸಿಗುವ ಗುಂಪಲ್ಲ. ಅದಕ್ಕೇ ಅವನ ರಕ್ತವನ್ನೇ ಮುಂಚೆ ತೆಗೆದು, ಚೀಲದ ಮೇಲೆ ಅವನ ಕೈಯಲ್ಲೇ ಹೆಸರು ಬರೆಸಿ, ತಣ್ಣಗಿಟ್ಟಿದ್ದರು. ಅದು ಉಳಿಯುವುದು ಮೂವತ್ತೈದೇ ದಿನ.

ಆ ಅವಧಿ ದಾಟಿದ್ದು ಕ್ಯಾಲೆಂಡರಿನ ದೆಸೆಯಿಂದ. ಆಪರೇಷನ್ನಿಗೆ ಗೊತ್ತುಮಾಡಿದ್ದ ದಿನ ಜಪಾನೀ ಪಂಚಾಂಗದ ಲೆಕ್ಕದಲ್ಲಿ ಬುತ್ಸುಮೆತ್ಸು, ಅಂದರೆ ಯಾವ ಕೆಲಸಕ್ಕೂ ಆಗದ ಕೆಟ್ಟ ದಿನ. ಸೇಕಿಚಿಯ ಅಕ್ಕ ತೊಮೆ ಆಸ್ಪತ್ರೆಗೆ ಫೋನ್ ಮಾಡಿ, ಶುಭದಿನವೇ ಬೇಕೆಂದು ಹಟ ಹಿಡಿದಳು. ಇಂಥ ಬೇಡಿಕೆ ಕೇಳಿ ಕೇಳಿ ರೂಢಿಯಾದ ಕಚೇರಿಯವರು ಮೂರು ವಾರ ಮುಂದಕ್ಕೆ ಹಾಕಿದರು. ರಕ್ತ ಕಾದಿಡುವ ವಿಭಾಗದವರಿಗೆ ಒಂದು ಮಾತು ತಿಳಿಸುವ ಬುದ್ಧಿ ಮಾತ್ರ ಯಾವ ಪುಣ್ಯಾತ್ಮನಿಗೂ ಬರಲಿಲ್ಲ. ಈಗ ಎಲ್ಲ ಮೊದಲಿನಿಂದ ಶುರು. ಗೆಡ್ಡೆಯೇನೂ ಕ್ಯಾಲೆಂಡರ್ ನೋಡಿ ಬೆಳೆಯುವುದಿಲ್ಲ. ಇನ್ನೂ ತಡವಾದರೆ ಕತ್ತರಿಸಲಾಗದು ಎಂದು ಡಾಕ್ಟರು ಆಗಲೇ ಹೇಳಿದ್ದರು.

"ಅತ್ತಿಗೆ, ನಿಮ್ಮ ಒಳ್ಳೇ ದಿನ ಇವರ ಜೀವ ತಗೊಂಡ್ರೆ ನಾನು ಯಾರನ್ನ ಕೇಳ್ಲಿ?" ಎಂದು ಫುಮಿಯೆ ಆಸ್ಪತ್ರೆಯ ಮೊಗಸಾಲೆಯಲ್ಲೇ ತೊಮೆಯನ್ನು ತರಾಟೆಗೆ ತೆಗೆದುಕೊಂಡಳು. ನಲವತ್ತು ವರ್ಷ ಇವಳ ಮೂಲಂಗಿ ಉಪ್ಪಿನಕಾಯಿಗೆ ಹೆಸರಿಡುತ್ತಲೇ ಬಂದ ಬಾಯಿ ಇವತ್ತು ಪಿಟ್ಟೆನ್ನಲಿಲ್ಲ. ಆ ಮೌನ ಫುಮಿಯೆಯನ್ನು ಇನ್ನಷ್ಟು ಕೆರಳಿಸಿತು.

ರಕ್ತ ತೆಗೆಯುವ ಕೋಣೆಯಲ್ಲಿ ಸೇಕಿಚಿ ಹೊಸ ಚೀಲದ ಮೇಲೆ ಹೆಸರು ಬರೆದುಕೊಟ್ಟ. ನರ್ಸ್ ಸೂಜಿ ತರಲು ಆಚೆ ಹೋದಳು.

"ಅಕ್ಕನ್ನ ಬೈಬೇಡ ಕಣೆ. ಫೋನ್ ಮಾಡು ಅಂದವನು ನಾನೇ."

"ಯಾಕ್ರೀ?"

"ಹೆದರಿಕೆ ಆಯ್ತು. ಅಕ್ಕನಿಗೆ ಮಾತ್ರ ಹೇಳ್ದೆ. ಗಂಡಸಾಗಿ ಹೆದರಿಕೆ ಅಂತ ಬೇರೆಯವರಿಗೆ ಹೇಗೆ ಹೇಳೋದು? ದಿನ ಸರಿ ಇಲ್ಲ ಅಂದ್ರೆ ಯಾರೂ ಮರುಪ್ರಶ್ನೆ ಕೇಳಲ್ಲ."

ಇಷ್ಟು ಹೊತ್ತಿನ ಸಿಟ್ಟನ್ನು ಫುಮಿಯೆ ಈಗ ಯಾರ ಮೇಲೆ ಹಾಕಬೇಕು? ರಕ್ತ ಹಾಳಾದದ್ದಕ್ಕಿಂತ, ಹೆದರಿಕೆಯನ್ನು ಅಕ್ಕನಿಗೆ ಹೇಳಿ ತನ್ನಿಂದ ಮುಚ್ಚಿಟ್ಟನಲ್ಲ ಎಂಬುದೇ ಹೆಚ್ಚು ನೋಯಿಸಿತು.

"ನನ್ನ ಹತ್ರ ಹೇಳಿದ್ರೆ ನಾನೇನು ನಗ್ತಿದ್ನಾ?" ಎಂದಳು.

ಅವನು ಅಂಗಿಯ ತೋಳು ಮೇಲಕ್ಕೆ ಮಡಚಿದ. ನರ್ಸ್ ಬಂದು ತೋಳಿಗೆ ಪಟ್ಟಿ ಬಿಗಿದಳು. ಅವನ ಕೈ ನಿಲ್ಲದೆ ನಡುಗುತ್ತಿತ್ತು. ಫುಮಿಯೆ ಕುರ್ಚಿ ಎಳೆದುಕೊಂಡು ಕೂತು, ಎರಡೂ ಕೈಯಿಂದ ಅವನ ಮಣಿಕಟ್ಟನ್ನು ಒತ್ತಿ ಹಿಡಿದಳು.

"ಅಲ್ಲಾಡಬೇಡಿ," ಎಂದು ಗದರಿದಳು.