ಗೊಗ್ಗರಯ್ಯನ ದನಿ, ಅಕ್ಕನ ಕೈ

ಗೊಗ್ಗರಯ್ಯನ ವಿಷಯದಲ್ಲಿ ಊರು ಎರಡು ಪಾಲಾಗಿತ್ತು. ಹಾಡು ಬರೆಯುವುದರಲ್ಲಿ ಆತ ಗಟ್ಟಿಗ ಎಂಬುದನ್ನು ಯಾರೂ ಅಲ್ಲಗಳೆಯುತ್ತಿರಲಿಲ್ಲ. ಜಗಳವಿದ್ದದ್ದು ಆ ಹಾಡುಗಳನ್ನು ಅವನೇ ಹಾಡಬೇಕೇ ಎಂಬುದರ ಮೇಲೆ. ಗಿಟಾರು ಹೆಗಲಿಗೇರಿಸಿ, ಹಿಂದೆ ಡ್ರಮ್ಮಿನವನನ್ನು ಕೂರಿಸಿಕೊಂಡು, ಹಳೆಯ ಜನಪದ ಧಾಟಿಗೆ ರಾಕ್ ಸಂಗೀತದ ಬಿಸಿ ಮುಟ್ಟಿಸಿ ಅವನು ಬಾಯಿ ತೆರೆದನೆಂದರೆ ಒಂದು ಪಕ್ಷದವರು ಕಣ್ಣು ಮುಚ್ಚುತ್ತಿದ್ದರು, ಇನ್ನೊಂದು ಪಕ್ಷದವರು ಕಿವಿ ಮುಚ್ಚುತ್ತಿದ್ದರು. ಗೊಗ್ಗರು ದನಿ ಅವನದು, ಮೇಲಿನ ಸ್ವರಕ್ಕೆ ಹೋಗುವಾಗಲೆಲ್ಲ ನಡುವೆ ಒಡೆಯುತ್ತಿತ್ತು. ಗೊಗ್ಗರಯ್ಯ ಎಂಬ ಹೆಸರಿಟ್ಟವರು ಕಿವಿ ಮುಚ್ಚುವ ಪಕ್ಷದವರು. ಅದನ್ನೇ ಬಾಯ್ತುಂಬ ಕರೆದು ಚಾಲ್ತಿಗೆ ತಂದವರು ಕಣ್ಣು ಮುಚ್ಚುವ ಪಕ್ಷದವರು.

ಅಕ್ಕನ ಮನೆಯಲ್ಲಿ ಎರಡೂ ಪಕ್ಷ ಒಂದೇ ಮೇಜಿನಲ್ಲಿ ಉಣ್ಣುತ್ತಿದ್ದವು. ಅಕ್ಕ ಸನ್ನೆಭಾಷೆಯ ದುಭಾಷಿ. ವಾರವಿಡೀ ಆಸ್ಪತ್ರೆ, ಕೋರ್ಟು, ಬ್ಯಾಂಕುಗಳಲ್ಲಿ ಕಿವಿ ಕೇಳದವರ ಪಕ್ಕ ನಿಂತು, ಬಾಯಿಯ ಮಾತನ್ನು ಕೈಗೆ, ಕೈಯ ಮಾತನ್ನು ಬಾಯಿಗೆ ದಾಟಿಸುವುದು ಅವಳ ಉದ್ಯೋಗ. ಆರು ವರ್ಷಗಳಿಂದ ಭಾನುವಾರದ ಸಂಜೆಗಳಲ್ಲಿ ಗೊಗ್ಗರಯ್ಯನ ವೇದಿಕೆಯ ಎಡ ಮೂಲೆಯಲ್ಲಿ ನಿಂತು ಅವನ ಹಾಡುಗಳನ್ನೂ ದಾಟಿಸುತ್ತಿದ್ದಳು. ಕೈ ಎದ್ದು ಕಾಣಲೆಂದು ಕಪ್ಪು ಅಂಗಿ ತೊಡುತ್ತಿದ್ದಳು. ಅವಳ ಕೈ ನೋಡಲೆಂದೇ ಬರುವ ಕಿವಿ ಕೇಳದವರಿಂದ ಮುಂದಿನ ಎರಡು ಸಾಲು ತುಂಬುತ್ತಿದ್ದವು.

ಅದರಲ್ಲಿ ಮೊದಲ ಸಾಲಿನ ಮೊದಲ ಕುರ್ಚಿ ತಂಗಿಯದು. ತಂಗಿಗೆ ಹುಟ್ಟಿನಿಂದ ಕಿವಿ ಕೇಳಿಸದು. ಕನ್ನಡಕದ ಗಾಜು ಉಜ್ಜುವ ಕಾರ್ಖಾನೆಯಲ್ಲಿ ಅವಳಿಗೆ ಕೆಲಸ. ಉಜ್ಜಿದ ಗಾಜನ್ನು ದೀಪಕ್ಕೆ ಹಿಡಿದು, ಬೇರೆ ಯಾರ ಕಣ್ಣಿಗೂ ಬೀಳದ ಗೀರನ್ನು ಹಿಡಿಯುವುದರಲ್ಲಿ ಅವಳದು ಎತ್ತಿದ ಕೈ. ಗೊಗ್ಗರಯ್ಯನ ಹಾಡುಗಳೆಂದರೆ ಪ್ರಾಣ. ಒಂದೊಂದೂ ಅವಳಿಗೆ ಕೈಪಾಠವಾಗಿತ್ತು. ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತ ನೊರೆಗೈಯಲ್ಲೇ ಹಾಡಿಕೊಳ್ಳುತ್ತಿದ್ದಳು, ಗೋಡೆಯೆಲ್ಲ ಸೋಪಿನ ಹನಿ.

ಇತ್ತ ಭಾವ, ಅಂದರೆ ಅಕ್ಕನ ಗಂಡ, ಬಸ್ ಡ್ರೈವರ್. "ದಿನವಿಡೀ ಹಾರ್ನ್ ಕೇಳಿ ಬರ್ತೀನಿ, ಮನೇಲೂ ಹಾರ್ನಾ? ಬರೆಯೋಕೆ ಹೇಳು ಅವನಿಗೆ, ಬರೀಲಿ, ನಾನೇ ಪೆನ್ನು ಕೊಡಿಸ್ತೀನಿ. ಹಾಡೋಕೆ ಬೇರೆ ಯಾರನ್ನಾದ್ರೂ ಇಟ್ಕೊಳ್ಳಲಿ" ಎಂದು ರೇಡಿಯೋದ ಕಿವಿ ಹಿಂಡುತ್ತಿದ್ದ. ಹಾಗೆಂದವನೇ ಮರುದಿನ ಬೆಳಗ್ಗೆ ಬಚ್ಚಲಲ್ಲಿ ಗೊಗ್ಗರಯ್ಯನ ಹಾಡನ್ನೇ ಗುನುಗುತ್ತಿದ್ದ. ಅಕ್ಕ ಬಾಯಿ ಬಿಟ್ಟು ಹೇಳುತ್ತಿರಲಿಲ್ಲ, ಆದರೆ ಒಳಗೊಳಗೆ ಅವಳೂ ಗಂಡನ ಪಕ್ಷವೇ. ಅವಳು ಮನಸೋತಿದ್ದು ಹಾಡಿನ ಮಾತಿಗೆ. ಹಾಡಿನ ಸಾಲುಗಳು ಕಾಗದದಲ್ಲಿ ಮೊದಲೇ ಬರುತ್ತಿದ್ದವು. ಓದಿ, ಅರಗಿಸಿಕೊಂಡು, ಕೈಗೆ ಕೂರಿಸಿಕೊಂಡು ಬರುತ್ತಿದ್ದಳು. ವೇದಿಕೆಯ ಮೇಲೆ ಅವನ ದನಿ ಅವಳಿಗೆ ಎಲ್ಲಿ ಶುರು ಮಾಡಬೇಕು, ಎಲ್ಲಿ ನಿಲ್ಲಿಸಬೇಕು ಎಂದು ತಿಳಿಸುವ ಗಂಟೆ ಮಾತ್ರ. ಆ ಒಡಕು ತನ್ನ ಕೈಗೆ ತಾಗದಂತೆ ನೋಡಿಕೊಳ್ಳುತ್ತಿದ್ದಳು. ಅವಳ ಕೈಯಲ್ಲಿ ಹಾಡು ಬೆಣ್ಣೆಯಿಂದ ಕೂದಲು ತೆಗೆದಷ್ಟು ನಯವಾಗಿ ಹರಿಯುತ್ತಿತ್ತು. ಅದು ತಪ್ಪೆಂದು ಅವಳಿಗೆ ಎಂದೂ ಅನ್ನಿಸಿರಲಿಲ್ಲ.

ಒಂದು ಸೋಮವಾರ ಬೆಳಗ್ಗೆ ತಂಗಿ ಪತ್ರಿಕೆ ಹಿಡಿದು ಬಂದಳು. ಮುಖ ಗಂಟಿಕ್ಕಿತ್ತು. ಹಿಂದಿನ ದಿನದ ಕಾರ್ಯಕ್ರಮದ ಬಗ್ಗೆ ಅರ್ಧ ಪುಟ ಬರೆದಿದ್ದರು. ತಲೆಬರಹ ಹೀಗಿತ್ತು: ಬರೆಯುವ ಕೈಗೆ ನೂರಕ್ಕೆ ನೂರು, ಹಾಡುವ ಗಂಟಲಿಗೆ ಪಾಸ್ ಮಾರ್ಕೂ ಇಲ್ಲ. ಪತ್ರಿಕೆಯನ್ನು ಮೇಜಿನ ಮೇಲೆ ಬಡಿದು ತಂಗಿ ಕೇಳಿದಳು. ಅವಳು ಕೇಳಿದ್ದೆಲ್ಲ ಕೈಯಲ್ಲೇ, ಆದರೆ ಅವಳ ಕೈ ಬಾಯಿಗಿಂತ ಜೋರಾಗಿತ್ತು.

"ನಿನ್ನೆ ಹಿಂದೆ ತಿರುಗಿ ನೋಡ್ದೆ. ಇಬ್ಬರು ಕಿವಿಗೆ ಬೆರಳಿಟ್ಟು ನಗ್ತಾ ಇದ್ರು. ಒಂದು ಮಗು ಅಳ್ತಿತ್ತು. ಇವತ್ತು ಇದು. ಇವರು ಬರೆದಿದ್ದು ಸುಳ್ಳಾ?"

"ಅಭಿಪ್ರಾಯ ಕಣೇ. ಅವರವರ ಕಿವಿ, ಅವರವರ ರುಚಿ."

"ದನಿ ಒಡೆಯುತ್ತೆ ಅಂತ ಬರೆದಿದ್ದಾರೆ. ಒಡೆಯೋದು ಅಭಿಪ್ರಾಯಾನಾ? ಒಡೆಯುತ್ತೋ ಇಲ್ವೋ ಹೇಳು."

ಅಕ್ಕ ಗಂಡನ ಮುಖ ನೋಡಿದಳು. ಭಾವನಿಗೆ ಬರುತ್ತಿದ್ದ ಸನ್ನೆ ಊಟ, ನಿದ್ದೆ, ಬಸ್ಸಿನ ನಂಬರು, ಅಷ್ಟೇ; ಆದರೆ ಪತ್ರಿಕೆಯಲ್ಲಿ ತಂಗಿ ಬೆರಳಿಟ್ಟಿದ್ದ ಸಾಲನ್ನು ಅವನೂ ಓದಿದ್ದ. ಚಹಾದಲ್ಲಿ ಅದ್ದಲು ಹಿಡಿದಿದ್ದ ಬಿಸ್ಕತ್ತನ್ನು ಅವನು ಮೇಲಕ್ಕೆತ್ತಿ, ತಂಗಿಯ ಕಣ್ಣೆದುರೇ ಲಟಕ್ಕನೆ ಎರಡು ತುಂಡು ಮಾಡಿ ತೋರಿಸಿದ. ಪುಡಿ ಪತ್ರಿಕೆಯ ಮೇಲೆ ಉದುರಿತು.

ತಂಗಿ ಆ ಪುಡಿಯನ್ನು ನೋಡಿದಳು. ಆಮೇಲೆ ಅಕ್ಕನನ್ನು.

"ಆರು ವರ್ಷ ನಾನು ನೋಡಿದ್ದು ಯಾರ ದನಿ ಹಾಗಾದ್ರೆ?"

"ಹಾಡು ಮುಖ್ಯ ಅಲ್ವಾ? ಒಂದಕ್ಷರ ಬಿಡದೆ ಕೊಟ್ಟಿದೀನಿ ನಿಂಗೆ."

"ಯಾವುದು ಮುಖ್ಯ ಅಂತ ತೀರ್ಮಾನ ಮಾಡೋಕೆ ನೀನ್ಯಾರು? ಊರಿಗೆ ಊರೇ ಅವನ ದನಿ ಬಗ್ಗೆ ಜಗಳ ಆಡುತ್ತೆ. ನಾನು ಮಾತ್ರ ಆಡ್ಬಾರ್ದಾ? ಮತ್ತೆ ಜರಡಿ ಹಿಡಿದೆ ಅಲ್ವಾ ನೀನು?"

ಆ ಮನೆಯಲ್ಲಿ ಜರಡಿ ಎಂಬುದು ಹಗುರಾದ ಮಾತಾಗಿರಲಿಲ್ಲ. ಚಿಕ್ಕಂದಿನಿಂದಲೂ ಅಪ್ಪನ ಮಾತನ್ನು ತಂಗಿಗೆ ದಾಟಿಸುತ್ತಿದ್ದವಳು ಅಕ್ಕನೇ. ಅಪ್ಪ ರೇಗಿದರೆ ಒರಟನ್ನು ಮೇಲೆಯೇ ಉಳಿಸಿಕೊಂಡು ನಯವಾದದ್ದನ್ನು ಮಾತ್ರ ಕೆಳಗಿಳಿಸುತ್ತಿದ್ದಳು. ಎಂಟು ವರ್ಷದ ಕೆಳಗೆ ಅಪ್ಪ ಆಸ್ಪತ್ರೆಯಲ್ಲಿದ್ದಾಗ ಡಾಕ್ಟರು "ಇವತ್ತೋ ನಾಳೆಯೋ" ಎಂದರು. ಅಕ್ಕ ತಂಗಿಗೆ "ಒಂದೆರಡು ದಿನದಲ್ಲಿ ಚೇತರಿಸಿಕೊಳ್ತಾರಂತೆ" ಎಂದಳು. ನಿಶ್ಚಿಂತೆಯಿಂದ ಕೆಲಸಕ್ಕೆ ಹೋದ ತಂಗಿ ಸಂಜೆ ಬರುವಷ್ಟರಲ್ಲಿ ಅಪ್ಪ ಇರಲಿಲ್ಲ. "ನಿದ್ದೇಲೇ ನೆಮ್ಮದಿಯಾಗಿ ಹೋದ್ರು" ಎಂದಳು ಅಕ್ಕ. ತಂಗಿ ತಿಂಗಳುಗಟ್ಟಲೆ ಅಕ್ಕನ ಜೊತೆ ಕೈಯೆತ್ತಿ ಮಾತಾಡಲಿಲ್ಲ. ಕೊನೆಗೆ, ಇನ್ನು ಮೇಲೆ ಯಾವತ್ತೂ ಜರಡಿ ಹಿಡಿಯುವುದಿಲ್ಲ, ಬಂದದ್ದನ್ನು ಬಂದ ಹಾಗೆ ಕೊಡುತ್ತೇನೆ ಎಂದು ಅಕ್ಕ ಮಾತು ಕೊಟ್ಟ ಮೇಲೆ ಒಂದಾದರು. ಹಿಂದಿನದನ್ನು ಇಬ್ಬರೂ ಕೆದಕಲಿಲ್ಲ.

"ಇದು ಬರೀ ಹಾಡು ಕಣೇ," ಎಂದಳು ಅಕ್ಕ.

"ಬರೀ ಹಾಡಿನಲ್ಲೇ ಹೀಗೆ ಮಾಡಿದ್ರೆ, ಮಿಕ್ಕಿದ್ದರಲ್ಲಿ ನಿನ್ನ ಹೇಗೆ ನಂಬಲಿ?" ಎಂದು ತಂಗಿ ಎದ್ದಳು. "ಈ ಭಾನುವಾರ ನಾನು ಬರಲ್ಲ. ನಾಳೆ ಬ್ಯಾಂಕಿಗೂ ನೀನು ಬೇಡ. ಬೇರೆ ಯಾರನ್ನಾದ್ರೂ ಕರ್ಕೊಂಡು ಹೋಗ್ತೀನಿ."

ಬಾಗಿಲು ಧಡಾರನೆ ಹಾಕಿಕೊಂಡಿತು. ಆ ಸದ್ದು ಹಾಕಿದವಳಿಗೆ ಕೇಳಿಸದು, ಅದೂ ಅಕ್ಕನ ಪಾಲಿಗೇ ಉಳಿಯಿತು. ಭಾವ ಉಳಿದ ಅರ್ಧ ಬಿಸ್ಕತ್ತನ್ನು ತಿನ್ನಲೂ ಆಗದೆ ಇಡಲೂ ಆಗದೆ ಕೂತಿದ್ದ. "ನಾನು ಹಾಗೆ ಮುರೀಬಾರ್ದಿತ್ತೇನೋ" ಎಂದ. "ನೀವೊಬ್ಬರೇ ರೀ ನಿಜ ಹೇಳಿದ್ದು" ಎಂದಳು ಅಕ್ಕ.

ಬುಧವಾರ ಅವಳು ತಾಲೀಮಿಗೆ ಹೋದಳು. ಸೈಕಲ್ ಅಂಗಡಿಯ ಮೇಲಿನ ಕೋಣೆ. ಸದ್ದು ಕೆಳಗಿಳಿಯದಿರಲೆಂದು ಗೋಡೆಗೆಲ್ಲ ಮೊಟ್ಟೆಯ ಟ್ರೇಗಳನ್ನು ಅಂಟಿಸಿದ್ದರು. ಗೊಗ್ಗರಯ್ಯ ಸ್ಟೂಲಿನ ಮೇಲೆ ಕೂತು ಗಿಟಾರಿನ ತಂತಿ ಬಿಗಿಯುತ್ತಿದ್ದ. ಹಾಡಿಗೆ ಬರುವ ಮೊದಲು ಇಪ್ಪತ್ತು ವರ್ಷ ಮನೆಗಳಿಗೆ ಬಣ್ಣ ಬಳಿದವನು. ಸುಣ್ಣ, ಬಣ್ಣ, ಧೂಳು ಕುಡಿದು ಕುಡಿದೇ ಗಂಟಲು ಹೀಗಾಯಿತೆಂದು ಕೆಲವರು ಹೇಳುತ್ತಿದ್ದರು.

"ಒಂದು ಮಾತು ಕೇಳ್ಲಾ ಅಣ್ಣಾ? ಬೇಜಾರು ಮಾಡ್ಕೋಬಾರ್ದು."

"ದನಿ ವಿಷ್ಯ ತಾನೇ? ಕೇಳಮ್ಮ. ನನ್ನ ಹತ್ರ ಇದ್ದ ಬೇಜಾರೆಲ್ಲ ಎಂದೋ ಖಾಲಿಯಾಯ್ತು."

ಅವಳು ಕೇಳಿದ್ದು ಏಣಿಯ ಹಾಡಿನ ಬಗ್ಗೆ. ಎಲ್ಲರಿಗೂ ಗೊತ್ತಿದ್ದ ಹಾಡು ಅದು. ಬಣ್ಣದವನೊಬ್ಬ ತಾನು ಹುಟ್ಟಿದ ಮನೆಗೇ ಬಣ್ಣ ಬಳಿಯಲು ಬರುತ್ತಾನೆ. ಮನೆ ಈಗ ಬೇರೆಯವರದು. ಎಲ್ಲ ಬಳಿದು ಮೇಲಿನ ಒಂದು ಮೂಲೆ ಮಾತ್ರ ಉಳಿಯುತ್ತದೆ. 'ಏಣಿ ಮುಗಿಯಿತು, ಗೋಡೆ ಮುಗಿಯಲಿಲ್ಲ' ಎಂಬುದು ಅದರ ಪಲ್ಲವಿ.

"'ಗೋಡೆ ಮುಗಿಯಲಿಲ್ಲ' ಅನ್ನೋ ಕಡೆ ಪ್ರತಿ ಸಲ ದನಿ ಒಡೆಯುತ್ತೆ. ಸ್ವಲ್ಪ ಕೆಳಗಿನ ಶ್ರುತಿಯಿಂದ ಶುರು ಮಾಡಿದ್ರೆ ಒಡೆಯಲ್ಲ ಅಲ್ವಾ?"

"ಒಡೆಯಲ್ಲ. ಕೇಳಿಲ್ಲಿ."

ಗೊಗ್ಗರಯ್ಯ ಶ್ರುತಿ ಇಳಿಸಿ ಹಾಡಿದ. ದನಿ ಎಲ್ಲೂ ತೊಡರಲಿಲ್ಲ. ಪಲ್ಲವಿಯ ತುದಿಯನ್ನು ಸಲೀಸಾಗಿ ಮುಟ್ಟಿ, ಅಲ್ಲಿ ಒಂದು ಗಳಿಗೆ ನಿಂತು, ಮರ್ಯಾದೆಯಿಂದ ಕೆಳಗಿಳಿಯಿತು. ಡ್ರಮ್ಮಿನವನು ಛಾವಣಿ ನೋಡುತ್ತಿದ್ದ.

"ಹೇಗಿತ್ತು?"

"ಚೆನ್ನಾಗಿತ್ತು," ಎಂದಳು ಅಕ್ಕ. ಕೈಯಲ್ಲಿದ್ದ ಕಾಗದ ನೋಡಿ, "ಆದ್ರೆ ಗೋಡೆ ಮುಗಿದುಬಿಡ್ತಲ್ಲ ಅಣ್ಣಾ" ಎಂದಳು.

ಗೊಗ್ಗರಯ್ಯ ತೊಡೆ ತಟ್ಟಿ ನಕ್ಕ. "ಅದೇ ನೋಡು! ಒಳ್ಳೆ ಕಂಠದವರು ಒಬ್ಬರು ಇದನ್ನ ಹಾಡಿದ್ರು. ಬಲು ಲಕ್ಷಣವಾಗಿತ್ತು. ಇದನ್ನ ಬರೆದ ಪುಣ್ಯಾತ್ಮ ಯಾರಪ್ಪಾ ಅಂತ ನಾನೇ ಕೇಳೋ ಹಾಗಾಯ್ತು. ನಾನು ಬರೆಯೋವಾಗ್ಲೇ ನನಗೆ ಎಟುಕೋದಕ್ಕಿಂತ ಒಂದು ಗೇಣು ಮೇಲೆ ಬರೀತೀನಮ್ಮ. ಎಟುಕಿಬಿಟ್ರೆ ಹಾಡೋದಾದ್ರೂ ಯಾಕೆ?"

ಆಮೇಲೆ ಶ್ರುತಿ ಏರಿಸಿ ಮತ್ತೆ ಹಾಡಿದ. ಅಕ್ಕ ಆರು ವರ್ಷದಲ್ಲಿ ಮೊದಲ ಸಲ ಕಾಗದ ಮಡಚಿಟ್ಟು ಕೇಳಿದಳು. ದನಿ ಮೆಟ್ಟಿಲು ಹತ್ತಿತು, ತುದಿಗಾಲಲ್ಲಿ ನಿಂತಿತು, ಕೈ ಚಾಚಿತು, ಆ ಮೂಲೆಗೆ ಇನ್ನೇನು ತಾಗಬೇಕು ಎನ್ನುವಲ್ಲಿ ಒಡೆಯಿತು. ಇಂಥದ್ದನ್ನು ಪಕ್ಕದಲ್ಲೇ ನಿಂತು ಇಷ್ಟು ದಿನ ಕೇಳದೆ ಹೋದೆನಲ್ಲ ಎಂದು ಅವಳಿಗೆ ನಾಚಿಕೆಯಾಯಿತು. ಮಾತು ಬೇರೆ ದನಿ ಬೇರೆ ಎಂದು ಊರೆಲ್ಲ ಪಾಲು ಮಾಡಿಕೊಂಡು ಜಗಳವಾಡುತ್ತಿತ್ತು, ಈ ಮನುಷ್ಯ ಎರಡನ್ನೂ ಒಂದೇ ಕೈಯಲ್ಲಿ ಬರೆದಿದ್ದ. ಅವಳು ಮಾತ್ರ ಆರು ವರ್ಷವೂ, ಪ್ರತಿ ಭಾನುವಾರವೂ, ತನ್ನ ನೀಳವಾದ ಕೈಯನ್ನು ಚೆಂದವಾಗಿ ಮೇಲೆತ್ತಿ ಆ ಮೂಲೆಗೆ ಬಣ್ಣ ಬಳಿದು ಮುಗಿಸಿದ್ದಳು. ತಂಗಿ ಅದನ್ನು ಸಂತೋಷದ ಹಾಡೆಂದೇ ತಿಳಿದಿದ್ದಳು.

ಭಾನುವಾರ ನಾಲ್ಕು ಗಂಟೆಗೆ ಬಯಲು ತುಂಬಿತ್ತು. ಮೊದಲ ಸಾಲಿನ ಮೊದಲ ಕುರ್ಚಿ ಖಾಲಿ. ಅಕ್ಕ ಅದನ್ನು ನೋಡಿಯೂ ನೋಡದವಳಂತೆ ಕೈ ಎತ್ತಿದಳು. ಮೊದಲ ಹಾಡಿನಿಂದಲೇ ಅವಳ ಕೈ ಬೇರೆಯಾಗಿತ್ತು. ದನಿ ಕೆರೆದಲ್ಲಿ ಬೆರಳು ಕೆರೆಯಿತು, ದನಿ ಎಡವಿದಲ್ಲಿ ಮೊಣಕೈ ಎಡವಿತು. ಎರಡನೇ ಸಾಲಿನ ಮುದಿ ದರ್ಜಿಯೊಬ್ಬರು ಕಳವಳದಿಂದ ಸನ್ನೆಯಲ್ಲಿ ಕೇಳಿಯೇಬಿಟ್ಟರು: "ಭುಜ ಉಳುಕಿದೆಯೇನಮ್ಮಾ?" ಅಕ್ಕ ಇಲ್ಲವೆಂದು ತಲೆಯಾಡಿಸಿ ಮುಂದುವರಿಸಿದಳು. ಕೈ ನೋಡಲೆಂದೇ ಬರುವವರು ಮುಖ ಮುಖ ನೋಡಿಕೊಂಡರು. ಇಬ್ಬರು ಮೂಗು ಮುರಿದರು. ಒಬ್ಬಾಕೆ ಮಾತ್ರ ಕುರ್ಚಿಯ ತುದಿಗೆ ಜರುಗಿ ಕೂತಳು.

ಏಣಿಯ ಹಾಡು ಬಂದಾಗ ಅಕ್ಕನಿಗೆ ತಂಗಿ ಕಂಡಳು. ಬಯಲಿನ ಕೊನೆಯಲ್ಲಿ, ಮೈಕಿನವರ ಡಬ್ಬಗಳ ಪಕ್ಕ, ಕೈ ಕಟ್ಟಿ ನಿಂತಿದ್ದಳು. ಕೈಯಲ್ಲಿ ಮಾತಾಡುವವರು ಕೈ ಕಟ್ಟಿ ನಿಂತರೆ ಬಾಯಿಗೆ ಬೀಗ ಹಾಕಿಕೊಂಡಂತೆ. ಪಲ್ಲವಿಗೆ ಅಕ್ಕನ ಬಲಗೈ ಮೇಲೇರಿತು. ಹಿಮ್ಮಡಿ ಎದ್ದಿತು, ಬೆರಳುಗಳು ಚಾಚಿದವು, ದನಿ ಒಡೆದ ಕಡೆ ಕೈಯೂ ನಿಂತು ಅದುರಿತು, ಮಣಿಕಟ್ಟು ಮುರಿದು ಕೆಳಗೆ ಬಿತ್ತು. ಮೂಲೆ ಬಣ್ಣ ಕಾಣದೆ ಉಳಿಯಿತು. ಮೂರು ಸಲವೂ ಹಾಗೇ ಮಾಡಿದಳು. ಮೂರನೆಯ ಸಲ ನೋಡಿದಾಗ ತಂಗಿ ಕೈ ಬಿಚ್ಚಿದ್ದಳು.

ಕಾರ್ಯಕ್ರಮ ಮುಗಿದ ಮೇಲೆ ಮುಂದಿನ ಎರಡು ಸಾಲಿನಲ್ಲಿ ದೊಡ್ಡ ಜಗಳವೇ ಆಯಿತು. ಹಳೆಯ ಕೈಯೇ ಚೆಂದವಿತ್ತೆಂದು ಅರ್ಧ ಜನ, ಇಂದೇ ಮೊದಲ ಸಲ ಹಾಡು ಕಂಡೆವೆಂದು ಇನ್ನರ್ಧ ಜನ. ಇಪ್ಪತ್ತು ಜೊತೆ ಕೈಗಳು ಒಮ್ಮೆಲೇ ಬೀಸುತ್ತಿದ್ದವು. ದರ್ಜಿಯವರು ತಮ್ಮ ಟೋಪಿಯನ್ನೇ ನೆಲಕ್ಕೆ ಬಡಿದರು. ವೇದಿಕೆಯ ಮೇಲಿಂದ ಅದನ್ನು ನೋಡಿ ಗೊಗ್ಗರಯ್ಯ ಕಣ್ಣಲ್ಲಿ ನೀರು ಬರುವಷ್ಟು ನಕ್ಕ. "ಅಂತೂ ಇವರಿಗೂ ನನ್ನ ದನಿ ಕೇಳಿಸ್ತಲ್ಲಮ್ಮಾ!" ಎಂದ.

ತಂಗಿ ಜನವನ್ನು ಬಳಸಿ ಬಂದು, ವೇದಿಕೆಯ ಹಿಂದಿನ ಮೆಟ್ಟಿಲ ಮೇಲೆ ಅಕ್ಕನ ಪಕ್ಕ ಕೂತಳು.

"ಕೆಟ್ಟದಾಗಿದೆ ಅವನ ದನಿ," ಎಂದಳು.

"ಹೂಂ."

"ಅದಿಲ್ಲದೆ ಆ ಹಾಡು ಇಲ್ಲ."

"ಹೂಂ. ನಂಗೂ ಬುಧವಾರವೇ ಗೊತ್ತಾಗಿದ್ದು."

ತಂಗಿ ತನ್ನ ಅಂಗೈಗಳನ್ನು ನೋಡಿಕೊಂಡಳು. ಆಮೇಲೆ ಅಕ್ಕನ ಕಡೆ ತಿರುಗಿ, ಗಾಜನ್ನು ದೀಪಕ್ಕೆ ಹಿಡಿದು ನೋಡುವ ಅದೇ ನೋಟದಿಂದ ಅವಳ ಮುಖ ನೋಡಿದಳು.

"ಆವತ್ತು ಆಸ್ಪತ್ರೇಲಿ ಅಪ್ಪ ಏನಂದ್ರು? ಕೊನೇಲಿ. ನಿದ್ದೇಲಿ ಹೋದ್ರು ಅನ್ನಬೇಡ. ಅವರು ಅಂದ ಹಾಗೇ ಹೇಳು."

ಅಕ್ಕನ ಕೈಗಳು ಮಡಿಲಲ್ಲೇ ಇದ್ದವು. ಎಂಟು ವರ್ಷ ಅವು ಈ ಒಂದು ಮಾತನ್ನು ಎತ್ತದೆ ಇಟ್ಟುಕೊಂಡಿದ್ದವು. ಇದನ್ನು ಕೇಳಿ ಇವಳು ಮತ್ತೆ ದೂರವಾದರೆ ಎಂಬ ಭಯ ಒಂದು ಕಡೆ. ಆದರೆ ಇನ್ನು ಜರಡಿ ಹಿಡಿಯಲು ಅವಳಲ್ಲಿ ಶಕ್ತಿಯಿರಲಿಲ್ಲ. ಕೈ ಎತ್ತಿದಳು. ಅಪ್ಪನ ದನಿ ಆ ಮಧ್ಯಾಹ್ನ ಹೇಗಿತ್ತೋ, ಒಣಗಿ, ತಡೆತಡೆದು, ಉಸಿರು ಸಾಲದೆ, ಹಾಗೆಯೇ ಬೆರಳುಗಳನ್ನು ನಡೆಸಿದಳು.

"ಅವಳೆಲ್ಲಿ? ಕಾಣ್ತಾ ಇಲ್ವಲ್ಲ. ಕರೀರಿ ಅವಳನ್ನ. ಕರೀ..."

ಕೈ ಅಲ್ಲೇ ನಿಂತಿತು, ಅದುರಿತು, ಬಿತ್ತು.

ತಂಗಿ ರೆಪ್ಪೆ ಬಡಿಯದೆ ನೋಡಿದಳು. ಅವಳ ಗಲ್ಲದ ಮೇಲೆ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಅಕ್ಕ ಅವಳು ಎದ್ದು ಹೋಗುವುದನ್ನೇ ಕಾಯುತ್ತಿದ್ದಳು. ತಂಗಿ ಏಳಲಿಲ್ಲ. ಮಡಿಲಿಗೆ ಬಿದ್ದಿದ್ದ ಅಕ್ಕನ ಕೈಯನ್ನು ಎತ್ತಿ, ಅದು ನಿಂತಿದ್ದ ಎತ್ತರಕ್ಕೆ ಮತ್ತೆ ತಂದು ಬಿಟ್ಟಳು.

"ಅಪ್ಪನ ದನಿ ಈಗ ಕಾಣ್ತು," ಎಂದಳು. "ಇನ್ನೊಂದು ಸಲ ಹೇಳು."