ಓರೆ ಸಾಲು

“ಇನ್ನೊಂದ್ಸಲ ಹೇಳಿ ಮೇಷ್ಟ್ರೇ. ಸಸಿ ನೆಟ್ಟು ಎಷ್ಟು ದಿನ ಆಯ್ತು?”

“ತೊಂಬತ್ತು.”

“ತೊಂಬತ್ತಾಗಿದ್ರೆ ಕೋಸು ಈ ಹೊತ್ತಿಗೆ ಲಾರಿ ಹತ್ತಿರ್ತಿತ್ತು. ಅರವತ್ತೆರಡು. ಆಲಿಕಲ್ಲು ಬಿದ್ದು ಹನ್ನೊಂದು.”

ಮೇಷ್ಟ್ರು ಅಂಗಿಯ ಜೇಬಿನಿಂದ ಚೀಟಿ ತೆಗೆದು ಬರೆದುಕೊಳ್ಳಲು ಹೊರಟರು. ದೊಡ್ಡಕ್ಕ ಅದನ್ನು ಕಿತ್ತುಕೊಂಡಳು. ಚೀಟಿ ನೋಡಿಕೊಂಡು ತನ್ನ ಬೆಳೆಯ ವಯಸ್ಸು ಹೇಳುವ ರೈತನನ್ನು ಯಾವ ಅಧಿಕಾರಿ ನಂಬುತ್ತಾನೆ? ಮೂವತ್ತೈದು ವರ್ಷದ ಹಿಂದೆ ಮಗ್ಗಿ ತಪ್ಪಿದ್ದಕ್ಕೆ ಇದೇ ಮೇಷ್ಟ್ರು ಅವಳನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿದ್ದರು. ಈಗ ಅವರನ್ನು ನಿಲ್ಲಿಸೋಣ ಎಂದರೆ ಗೋಡೆ ಇರಲಿಲ್ಲ. ಸುತ್ತ ಇದ್ದದ್ದು ಕೊಳೆತ ಕೋಸಿನ ವಾಸನೆ ಹೊಡೆಯುವ ಒಂದೂವರೆ ಎಕರೆ ಇಳಿಜಾರು ಮಾತ್ರ.

ಜಮೀನು ಮೇಷ್ಟ್ರದ್ದು, ಅವರ ತಂದೆಯಿಂದ ಬಂದದ್ದು. ದುಡಿಮೆ ದೊಡ್ಡಕ್ಕನದು. ಬೆಳೆ ಅರ್ಧರ್ಧ. ಒಂಬತ್ತು ವರ್ಷದಿಂದ ಇದು ಬಾಯಿಮಾತಿನಲ್ಲೇ ನಡೆದುಬಂದಿತ್ತು, ಒಂದು ತುಂಡು ಕಾಗದ ಇರಲಿಲ್ಲ. ಈ ಸಲ ಗಡ್ಡೆ ಕಟ್ಟುವ ಹೊತ್ತಿಗೆ ಆಲಿಕಲ್ಲು ಸುರಿದು, ಒಂದೊಂದು ಕೋಸೂ ಕಲ್ಲಲ್ಲಿ ಜಜ್ಜಿದ ಹಾಗಾಗಿತ್ತು. ಸರ್ಕಾರ ಎಕರೆ ಲೆಕ್ಕದಲ್ಲಿ ಪರಿಹಾರ ಕೊಡುತ್ತದೆಂದು ಸುದ್ದಿ ಬಂತು. ಜೊತೆಗೆ ಹೊಸ ನಿಯಮವೂ ಬಂತು: ಪಟ್ಟಣದಲ್ಲಿ ಕೂತು ಪರಿಹಾರ ತಿನ್ನುವವರಿಗೆ ಇಲ್ಲ, ಸ್ವತಃ ಸಾಗುವಳಿ ಮಾಡುವವರಿಗೆ ಮಾತ್ರ. ಬಡವರಿಗೆಂದೇ ಮಾಡಿದ ನಿಯಮ. ಪಟ್ಟಣದಲ್ಲಿರುವ ಮೇಷ್ಟ್ರು ಇವತ್ತು ಅಧಿಕಾರಿಯೆದುರು ತಾವೇ ಬೆಳೆದವರಂತೆ ನಿಲ್ಲಬೇಕಿತ್ತು. ಅದಕ್ಕೇ ಈ ಬೆಳಗಿನ ಪಾಠ.

“ದುಡ್ಡು ಬಂದ್ರೆ ಅರ್ಧ ನಿಂದು, ಮುಂದಿನ ಬೆಳೆಗೂ ಹೊಲ ನಿಂದೇ,” ಎಂದಿದ್ದರು ಮೇಷ್ಟ್ರು. “ಬರ್ಲಿಲ್ಲ ಅಂದ್ರೆ ನಾನೇನು ಮಾಡ್ಲಿ ಹೇಳು? ನಲವತ್ತೆಕರೆಯವ್ನು ವರ್ಷಕ್ಕೆ ಇಷ್ಟು ಅಂತ ಮುಂಗಡವಾಗೇ ಕೊಡ್ತೀನಿ ಅಂತಿದಾನೆ. ನನಗೂ ಔಷಧಿ ಖರ್ಚಿದೆ.”

ನಲವತ್ತೆಕರೆ ಎಂದರೆ ಪಕ್ಕದ ಜಮೀನಿನವನು. ನಿಜವಾಗಿ ಈಗ ಅವನದು ಎಪ್ಪತ್ತು ಎಕರೆ ದಾಟಿದೆ, ಹಳೆಯ ಹೆಸರೇ ಉಳಿದುಕೊಂಡಿದೆ. ಅವನ ಹೊಲದ ಪರಿಶೀಲನೆ ಹಿಂದಿನ ದಿನವೇ ಜೀಪಿನ ಕಿಟಕಿಯಿಂದ ಮುಗಿದಿತ್ತು. ಬೀಳುಬಿಟ್ಟ ನೆಲದಲ್ಲೂ ಕೋಸು ಇತ್ತೆಂದು ಬರೆಸಿದ್ದಾನೆ ಎಂದು ಊರೆಲ್ಲ ಆಡಿಕೊಂಡು ನಗುತ್ತಿತ್ತು. ಅವನನ್ನು ಯಾರೂ ಪ್ರಶ್ನೆ ಕೇಳಿರಲಿಲ್ಲ. ದೊಡ್ಡಕ್ಕನಿಗೆ ಅವನ ದುಡ್ಡು ಬೇಕಿರಲಿಲ್ಲ, ಈ ಹೊಲ ಕೈತಪ್ಪದಿದ್ದರೆ ಸಾಕಿತ್ತು. ಮನೆಯ ಹಿಂದೆ ಮೂರು ಸಾವಿರ ಸಸಿ ಮಡಿಯಲ್ಲಿದ್ದವು. ಬೆನ್ನು ಬಗ್ಗದ ಗಂಡ ಮಣೆ ಹಾಕಿ ಕೂತು, ಒಂದೊಂದಕ್ಕೂ ಚೆಂಬಿನಲ್ಲಿ ನೀರುಣಿಸಿ ಬೆಳೆಸಿದ್ದ. ಇನ್ನು ನಾಲ್ಕು ವಾರದಲ್ಲಿ ಅವನ್ನು ನೆಲಕ್ಕೆ ಹಾಕಲೇಬೇಕು.

ಅಧಿಕಾರಿ ಹತ್ತು ಗಂಟೆಗೆ ಬಂದಳು. ಇಪ್ಪತ್ತೈದು ದಾಟದ ಹುಡುಗಿ, ಕೈಯಲ್ಲಿ ಟ್ಯಾಬ್ಲೆಟ್, ಮೊಣಕಾಲವರೆಗೆ ಕೆಸರು. ಆ ಕೆಸರು ನೋಡಿಯೇ ದೊಡ್ಡಕ್ಕನಿಗೆ ಗೊತ್ತಾಯಿತು. ಇವಳು ಜೀಪಿನಿಂದ ಇಳಿಯುವ ಜಾತಿ. ದೊಡ್ಡಕ್ಕ ನಾಲ್ಕು ಮಾರು ದೂರ ಹೋಗಿ, ಕೊಳೆತ ಕೋಸು ಕೀಳುವ ನೆಪದಲ್ಲಿ ಬಗ್ಗಿದಳು.

“ಯಾವ ತಳಿ ಸರ್?” ಮೇಷ್ಟ್ರು ಹೇಳಿದರು. “ನೆಟ್ಟಿದ್ದು?” ಅರವತ್ತೆರಡು ದಿನದ ಹಿಂದೆ ಎಂದರು. ಗೊಬ್ಬರ ಎಷ್ಟು ಸಲ, ಹಸಿರು ಹುಳಕ್ಕೆ ಏನು ಹೊಡೆದಿರಿ, ಎಲ್ಲಕ್ಕೂ ಪಟಪಟನೆ ಉತ್ತರ ಬಂತು. ಬಗ್ಗಿದ್ದಲ್ಲೇ ದೊಡ್ಡಕ್ಕನಿಗೆ ಹೆಮ್ಮೆಯಾಯಿತು. ಕಲಿಸಿದ್ದನ್ನೆಲ್ಲ ಒಪ್ಪಿಸುತ್ತಿದ್ದರು ಮುದುಕ.

ಹುಡುಗಿ ಟ್ಯಾಬ್ಲೆಟ್ ಎತ್ತಿ ಹೊಲದ ಫೋಟೊ ಹಿಡಿದಳು. ಹಿಡಿದವಳು ಹಾಗೇ ನಿಂತಳು.

“ಸಾಲು ಯಾಕೆ ಸರ್ ಹೀಗೆ ಓರೆ ಇದೆ? ದಾರ ಹಿಡಿದು ನೆಡಲಿಲ್ವಾ?”

ಇದನ್ನು ದೊಡ್ಡಕ್ಕ ಹೇಳಿಕೊಟ್ಟಿರಲಿಲ್ಲ. ಹೇಳಿಕೊಡಬೇಕೆಂದು ಹೊಳೆದೂ ಇರಲಿಲ್ಲ. ಉಸಿರಾಡುವುದು ಹೇಗೆಂದು ಯಾರಾದರೂ ಪಾಠ ಮಾಡುತ್ತಾರೆಯೇ? ಮೇಷ್ಟ್ರು ಒಮ್ಮೆ ಸಾಲುಗಳ ಕಡೆ, ಒಮ್ಮೆ ಅವಳ ಬೆನ್ನಿನ ಕಡೆ ನೋಡಿದರು.

“ಅದು... ಕೂಲಿಯವ್ರು ಮೇಡಂ. ಅವ್ರಿಗೇನು ಗೊತ್ತಾಗತ್ತೆ? ಮನಸ್ಸಿಗೆ ಬಂದ ಹಾಗೆ ನೆಟ್ಟುಬಿಟ್ಟಿದಾರೆ.”

“ಮನಸ್ಸಿಗೆ ಬಂದ ಹಾಗೆ ಅಲ್ಲ!”

ದೊಡ್ಡಕ್ಕ ಎದ್ದು ನಿಂತಿದ್ದಳು. ಕೈಯಲ್ಲಿದ್ದ ಕೋಸಿನಿಂದ ಕೊಳೆನೀರು ಮೊಣಕೈಗೆ ಇಳಿಯುತ್ತಿತ್ತು. “ಈ ಇಳಿಜಾರಲ್ಲಿ ದಾರ ಹಿಡಿದು ಮೇಲಿಂದ ಕೆಳಕ್ಕೆ ನೇರ ಸಾಲು ಹಾಕಿದ್ರೆ, ಒಂದು ಜೋರು ಮಳೆಗೆ ಮಣ್ಣೆಲ್ಲ ಹಳ್ಳದ ಪಾಲು. ಮೊದಲ್ನೇ ವರ್ಷ ನಾನೂ ದಡ್ಡಿ ಹಾಗೇ ಹಾಕಿ ಅರ್ಧ ಸಸಿ ಕಳ್ಕೊಂಡೆ. ಆಮೇಲೆ ನೋಡಿ ನೋಡಿ ಓರೆ ಹಾಕೋದು ಕಲಿತೆ. ಒಂಬತ್ತು ವರ್ಷದಿಂದ ಒಂದು ಬೊಗಸೆ ಮಣ್ಣು ಕೆಳಗೆ ಬಿಟ್ಟಿಲ್ಲ ಈ ಹೊಲದಿಂದ. ಬೇಕಾದ್ರೆ ಹಳ್ಳದಲ್ಲಿ ಹೋಗಿ ನೋಡಿ!”

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಕೊನೆಯ ಪದ ಬಾಯಿಂದ ಹೊರಬೀಳುವಾಗಲೇ ಅವಳಿಗೆ ಅರಿವಾಯಿತು. ಕೊಳೆತ ಕೋಸನ್ನು ಮಗುವಿನಂತೆ ಎದೆಗೊತ್ತಿಕೊಂಡು ನಿಂತಳು.

ಹುಡುಗಿ ಕೂಗಾಡಲಿಲ್ಲ. ಟ್ಯಾಬ್ಲೆಟ್ಟಿನಲ್ಲಿ ಏನನ್ನೋ ಅಳಿಸಿ, ಮೆಲ್ಲಗೆ ಹೇಳಿದಳು. “ಸರ್, ಇದರಲ್ಲಿ ಪಾಲಿಗೆ ಮಾಡೋರಿಗೂ ಒಂದು ಕಾಲಂ ಇದೆ. ಇವರೇ ಸಾಗುವಳಿ ಮಾಡೋದು ಅಂತ ನೀವೊಂದು ಸಹಿ ಹಾಕಿದ್ರೆ ಸಾಕು. ಪರಿಹಾರ ಇವರ ಹೆಸರಿಗೇ ಬರತ್ತೆ. ನಿಮ್ಮಿಬ್ಬರ ಪಾಲು ನಿಮಗೆ ಬಿಟ್ಟಿದ್ದು.”

ಮೇಷ್ಟ್ರು ಕೈಯನ್ನು ಜೇಬಿಗೆ ಇಳಿಸಿದರು. “ಸಹಿ ಹಾಕಿ ಜಮೀನು ಕಳ್ಕೊಂಡೋರನ್ನ ನೋಡಿದೀನಿ ಮೇಡಂ. ಅವಳು ಕೂಲಿ. ಕೂಲಿ ಅಂತಲೇ ಬರ್ಕೊಳ್ಳಿ.”

“ಹೌದಾಮ್ಮ? ನೀವು ಕೂಲಿನಾ?”

ಹೌದು ಎಂದರೆ ಮೇಷ್ಟ್ರ ಅರ್ಜಿ ಉಳಿಯುತ್ತದೆ. ಅಲ್ಲ ಎಂದರೆ ಸಹಿ ಇಲ್ಲದೆ ಇಬ್ಬರಿಗೂ ಏನೂ ಇಲ್ಲ, ಹೊಲವೂ ಇಲ್ಲ. ಇಷ್ಟನ್ನು ಲೆಕ್ಕ ಹಾಕಲು ಮಗ್ಗಿ ಬರಬೇಕಾಗಿರಲಿಲ್ಲ.

“ಹೂಂ. ಕೂಲಿ.”

“ಮತ್ತೆ ಈಗ ಹೇಳಿದ್ದು?”

“ಬಾಯಿ ಜಾರ್ತು.”

ಹುಡುಗಿ ಅವಳ ಮುಖವನ್ನೇ ನೋಡಿದಳು. ಒಳ್ಳೆಯ ಹುಡುಗಿಯೇ. ಆದರೆ ಸಂಜೆಯೊಳಗೆ ಇನ್ನೂ ಹದಿನಾಲ್ಕು ಹೊಲ ನೋಡುವುದಿತ್ತು. ಬರೆದುಕೊಂಡು, ಮೇಷ್ಟ್ರಿಂದ ಟ್ಯಾಬ್ಲೆಟ್ಟಿನ ಮೇಲೆ ಹೆಬ್ಬೆಟ್ಟು ಒತ್ತಿಸಿಕೊಂಡು ಹೊರಟುಹೋದಳು.

ದುಡ್ಡು ಬಂತು. ಪರಿಶೀಲನೆಯಾದ ಮೂರು ವಾರಕ್ಕೆ ಮೇಷ್ಟ್ರು ಬಸ್ಸಿಳಿದು ನೇರ ದೊಡ್ಡಕ್ಕನ ಮನೆಗೆ ಬಂದು, ಅರ್ಧವನ್ನು ಕವರಿನಲ್ಲಿ ಹಾಕಿ ಜಗಲಿಯ ಮೇಲಿಟ್ಟರು. ಒಂದು ಪೈಸೆ ಕಮ್ಮಿ ಇರಲಿಲ್ಲ. ಒಳಗೆ ಬನ್ನಿ ಎಂದರೆ ಬರಲಿಲ್ಲ, ಕೂರಲೂ ಇಲ್ಲ.

“ಹೊಲ ನಲವತ್ತೆಕರೆಗೆ ಕೊಟ್ಟೆ ಕಣಮ್ಮ.”

ಮಡಿಯ ಹತ್ತಿರವಿದ್ದ ಗಂಡನ ಚೆಂಬು ನಿಂತಿತು.

“ಅವತ್ತು ನೀವೇ ಹೇಳಿದ್ರಲ್ಲ ಮೇಷ್ಟ್ರೇ, ದುಡ್ಡು ಬಂದ್ರೆ...”

“ಹೇಳಿದ್ದೆ. ನೀನು ಅಷ್ಟೊಂದು ಮಾತಾಡೋಕೆ ಮುಂಚೆ. ಒಂಬತ್ತು ವರ್ಷ ಅಂದುಬಿಟ್ಟೆ, ಸರ್ಕಾರದೋರ ಎದುರಿಗೆ. ಆ ಹುಡುಗಿ ಬರ್ಕೊಂಡ್ಳೋ ಬಿಟ್ಳೋ, ಅವಳ ಕಿವೀಲಿದೆ. ರಾತ್ರಿ ನಿದ್ದೆ ಬರ್ತಿಲ್ಲ ನಂಗೆ.”

“ನಾನು ಯಾವತ್ತಾದ್ರೂ ನಿಮ್ಮ ಜಮೀನು ನಂದು ಅಂದಿದೀನಾ?”

“ನೀನು ಅನ್ನಲ್ಲ. ಕಾನೂನು ಅನ್ನತ್ತೆ. ಉಳೋರ ಕಡೆಗೇ ಅಂತೆ ಈಗ ಕಾನೂನೆಲ್ಲ.” ನಾಟಕವಲ್ಲ, ಮುದುಕ ನಿಜವಾಗಿಯೂ ಹೆದರಿದ್ದರು, ನಿಜವಾಗಿಯೂ ನೊಂದಿದ್ದರು. ಅದು ದೊಡ್ಡಕ್ಕನ ಸಿಟ್ಟನ್ನು ಇನ್ನಷ್ಟು ಹೆಚ್ಚಿಸಿತು. ಕೆಟ್ಟವರಾಗಿದ್ದರೆ ಬಾಯ್ತುಂಬ ಬೈದು ಹಗುರಾಗಬಹುದಿತ್ತು.

ನೆಲವಿಲ್ಲದ ಮೂರು ಸಾವಿರ ಸಸಿಯನ್ನು ಏನು ಮಾಡುವುದು? ಇನ್ನೊಂದು ವಾರ ಮೀರಿದರೆ ಕಾಂಡ ಉದ್ದವಾಗಿ ಬಾಗುತ್ತದೆ. ನಲವತ್ತೆಕರೆಯ ಉಸ್ತುವಾರಿಯವನೇ ಬಂದು, ಮೂಗು ಮುರಿದು, ತಾನು ಹೇಳಿದ ಬೆಲೆಗೆ ಅಷ್ಟನ್ನೂ ಕೊಂಡ. ಹೋಗುವಾಗ ಹೇಳಿದ. “ಸೋಮವಾರದಿಂದ ನಾಟಿ. ಕೈ ಸಾಲ್ತಿಲ್ಲ. ಬರ್ತೀರಾ? ಹೇಗೂ ಸರ್ಕಾರದ ಲಿಸ್ಟಲ್ಲಿ ಕೂಲಿ ಅಂತಲೇ ಇದೆಯಲ್ಲ ನಿಮ್ಮ ಹೆಸ್ರು.”

ಹೋಗಬೇಡ ಎಂದ ಗಂಡ. ಭಾನುವಾರವಿಡೀ ಅದನ್ನೇ ಹೇಳಿದ. ಸೋಮವಾರ ಬೆಳಿಗ್ಗೆ ಅವಳ ಬುತ್ತಿಯ ಡಬ್ಬಿಯ ಮುಚ್ಚಳ ಬಿಗಿ ಮಾಡಿಕೊಟ್ಟ.

ಹೊಲದ ಬದು ಆಗಲೇ ಇರಲಿಲ್ಲ. ಟ್ರ್ಯಾಕ್ಟರು ಎರಡು ಜಮೀನನ್ನೂ ಒಂದೇ ಮಾಡಿತ್ತು. ಇಳಿಜಾರಿನ ನೆತ್ತಿಯಿಂದ ಹಳ್ಳದ ಅಂಚಿನವರೆಗೆ ನೀಲಿ ದಾರಗಳನ್ನು ಬಿಗಿದಿದ್ದರು, ಮೇಲಿಂದ ಕೆಳಕ್ಕೆ, ನೆಟ್ಟಗೆ. ಹನ್ನೆರಡು ಹೆಂಗಸರು ದಾರಕ್ಕೊಬ್ಬರಂತೆ ಕೂತರು. ದೊಡ್ಡಕ್ಕ ಬುಟ್ಟಿಯಿಂದ ಮೊದಲ ಸಸಿ ಎತ್ತಿದಳು. ಗಂಡ ಬೆಳೆಸಿದ್ದೇ. ಬೇರಿನ ಮಣ್ಣು ಇನ್ನೂ ಉದುರಿರಲಿಲ್ಲ.

ಪಕ್ಕದ ದಾರದವಳು ಬಾಗಿ ಪಿಸುಗುಟ್ಟಿದಳು. “ದೊಡ್ಡಕ್ಕ, ಇಲ್ಲಿ ನೀನು ಹೀಗೆ ಹಾಕ್ತಿರ್ಲಿಲ್ಲ ಅಲ್ವಾ? ಹೇಳ್ಬಾರ್ದಾ ಅವನಿಗೆ?”

“ನಿನ್ನ ಕೆಲಸ ನೀನು ನೋಡು.”

ಹತ್ತು ಗಂಟೆಗೆ ಉಸ್ತುವಾರಿಯವನು ಸಾಲುಗಳ ನಡುವೆ ನಡೆದುಕೊಂಡು ಬಂದ. ದೊಡ್ಡಕ್ಕನ ಹಿಂದೆ ನಿಂತು, ಒಂದು ಕಣ್ಣು ಮುಚ್ಚಿ ಅವಳ ಸಾಲನ್ನು ಇಳಿಜಾರಿನ ನೆತ್ತಿಯವರೆಗೂ ನೋಡಿದ.

“ಎಲ್ಲರೂ ಇಲ್ಲಿ ನೋಡ್ರಮ್ಮ,” ಎಂದು ಕೂಗಿದ. “ಸಾಲು ಅಂದ್ರೆ ಹೀಗಿರ್ಬೇಕು.”

ಹನ್ನೊಂದು ತಲೆಗಳು ತಿರುಗಿದವು. ದೊಡ್ಡಕ್ಕ ತಲೆ ಎತ್ತಲಿಲ್ಲ. ಸಸಿಯ ಬುಡವನ್ನು ಎರಡೂ ಹೆಬ್ಬೆರಳಿನಿಂದ ಒತ್ತಿ, ದಾರಕ್ಕೆ ತಾಗಿಕೊಂಡೇ ಒಂದೂವರೆ ಅಡಿ ಕೆಳಕ್ಕೆ ಸರಿದು ಕೂತಳು.