ಹಿರಿಯರಿಗೆ ಒಂಬೈನೂರು, ಮಕ್ಕಳಿಗೆ ಮುನ್ನೂರು

ಜನಗಣತಿಯ ಟೀಚರ್ ನಮ್ಮ ಬಾಗಿಲಿಗೆ ಬಂದದ್ದು ಅದು ಮೂರನೆಯ ಸಲ. ಮೊದಲ ಸಲ ನಮ್ಮ ಮಾವ ಬಾಗಿಲಲ್ಲಿ ನಿಂತುಕೊಂಡೇ "ಮನೇಲಿ ಯಾರೂ ಇಲ್ಲ" ಎಂದು ಹೇಳಿ ಕಳಿಸಿದ್ದರು. ಎರಡನೆಯ ಸಲ "ನಾಲ್ಕೋ ಐದೋ ಬರ್ಕೊಳ್ಳಿ, ನಿಮಗೆ ಹೇಗೆ ಅನುಕೂಲನೋ ಹಾಗೆ" ಎಂದಿದ್ದರು. ಟೀಚರ್ ಏನನ್ನೂ ಬರೆದುಕೊಳ್ಳದೆ ಹೊರಟುಹೋಗಿದ್ದರು. ನಮ್ಮ ಬೀದಿಯಲ್ಲಿ ಹೀಗೆ ಮಾಡಿದ ಮನೆ ನಮ್ಮದೊಂದೇ ಅಲ್ಲ.

ಮಾವ ಎಂದರೆ ನನ್ನ ತಾಯಿಯ ತಮ್ಮ. ನಾನು ಇರುವುದು ಅವರ ಮನೆಯಲ್ಲೇ, ಆ ಮನೆಯ ಮುಂದಿನ ಕೋಣೆಯೇ ಹೊಲಿಗೆಯ ಅಂಗಡಿ. ಅತ್ತೆ ಆರ್ಡರ್ ಹಿಡಿದು ತರುತ್ತಾರೆ, ಮಾವ ಬಟ್ಟೆ ಕತ್ತರಿಸುತ್ತಾರೆ, ನಾಲ್ಕು ಜನ ಹೆಂಗಸರು ಹೊಲಿಯುತ್ತಾರೆ. ನಾನು ದಾರದ ತುದಿ ತೆಗೆದು ಅಳತೆಯ ಚೀಟಿ ಅಂಟಿಸುತ್ತೇನೆ.

ಆ ದಿನ ಮಾವನಿಗೆ ಯಾರೊಂದಿಗೂ ಮಾತಾಡುವ ಪುರುಸೊತ್ತು ಇರಲಿಲ್ಲ. ನಮಗೆ ಮೊದಲ ಸಲ ಹೊರದೇಶದ ಆರ್ಡರ್ ಬಂದಿತ್ತು, ಜಪಾನಿನಿಂದ. ಬಟ್ಟೆಯನ್ನು ಅವರೇ ಕಳಿಸಿದ್ದರು. ಅಂಥ ಬಟ್ಟೆ ನಮ್ಮ ಪೇಟೆಯಲ್ಲಿ ಸಿಗುವುದಿಲ್ಲ. ಕತ್ತರಿಸುವಾಗ ಒಮ್ಮೆ ತಪ್ಪಿದರೆ ಮುಗಿಯಿತು. ಈ ಆರ್ಡರ್ ಕೈತಪ್ಪಿದರೆ ಅಂಗಡಿಗೆ ಬಾಗಿಲು ಹಾಕಬೇಕು ಎಂದು ಅತ್ತೆ ನಮಗೆಲ್ಲ ಹೇಳಿಯೇ ಇಟ್ಟಿದ್ದರು.

ಟೀಚರ್ ಬಂದಾಗ ಮೇಜಿನ ಮೇಲೆ ಇಪ್ಪತ್ತು ಪದರ ಬಟ್ಟೆ ಹಾಸಿತ್ತು. ಮಾವ ಸೀಮೆಸುಣ್ಣದಿಂದ ಗುರುತು ಹಾಕಿ ಮುಗಿಸಿದ್ದರು. ಎಲ್ಲವೂ ಪುಟ್ಟ ಪುಟ್ಟ ಅಂಗಿಗಳ ಗುರುತು.

"ಅಣ್ಣಾ, ಹತ್ತೇ ನಿಮಿಷ," ಎಂದರು ಟೀಚರ್.

"ಹತ್ತು ನಿಮಿಷದಲ್ಲಿ ನಾನು ಎಂಬತ್ತು ತೋಳು ಕತ್ತರಿಸ್ತೀನಿ ಟೀಚರಮ್ಮ. ಕೂತ್ಕೊಳ್ಳಿ, ಬೇಜಾರಾದ್ರೆ ಎದ್ದು ಹೋಗಿ."

ಟೀಚರ್ ನಗುತ್ತಾ ಬೆಂಚಿನ ಮೇಲೆ ಕೂತುಬಿಟ್ಟರು. ಅವರ ಚಪ್ಪಲಿಯ ಬಾರು ಕಿತ್ತುಹೋಗಿತ್ತು. ಎಷ್ಟು ಮನೆ ಹತ್ತಿಳಿದಿದ್ದರೋ.

ಬಟ್ಟೆಯ ಅಂಚು ಬಿಚ್ಚದಂತೆ ಹೊಲಿಯುವ ಓವರ್‌ಲಾಕ್ ಮಷೀನಿನಲ್ಲಿ ಕೂರುವ ಅಕ್ಕನನ್ನು ನಾವು ಓವರ್‌ಲಾಕ್ ಅಕ್ಕ ಎಂದೇ ಕರೆಯುವುದು. ಅವಳು ಮೇಜಿನ ಕಡೆ ಕತ್ತು ಚಾಚಿದಳು. "ಅಣ್ಣಾ, ಎಲ್ಲಾ ಮಕ್ಕಳದ್ದೇ ಹಾಕಿದೀರಲ್ಲ? ಆರ್ಡರ್ ಹಾಳೇಲಿ ಹಿರಿಯರಿಗೆ ಒಂಬೈನೂರು ಅಂಗಿ, ಮಕ್ಕಳಿಗೆ ಮುನ್ನೂರು ಅಂತಿತ್ತಲ್ವಾ?"

"ಇತ್ತು. ತಪ್ಪು ಟೈಪ್ ಮಾಡಿದಾರೆ, ನಾನು ತಿದ್ದಿದೀನಿ. ಮಕ್ಕಳಿಗೆ ಒಂಬೈನೂರು, ಮುದುಕರಿಗೆ ಮುನ್ನೂರು. ಯಾವ ದೇಶದಲ್ಲಮ್ಮ ಮಕ್ಕಳಿಗಿಂತ ಮುದುಕರೇ ಜಾಸ್ತಿ ಇರ್ತಾರೆ? ಬಾಗಿಲಿಗೆ ಹೋಗಿ ನೋಡು, ಕಾಲಿಟ್ಟಲ್ಲಿ ಮಕ್ಕಳು."

"ಅಷ್ಟೊಂದು ಬಟ್ಟೆ ಯಾಕೆ ಕಳಿಸಿದಾರೆ ಮತ್ತೆ?"

"ಲೆಕ್ಕ ಬರಲ್ಲ ಅವರಿಗೆ."

"ಅತ್ತಿಗೆಗೆ ಒಂದು ಫೋನ್ ಮಾಡಿ ಕೇಳ್ಬಿಡಿ ಅಣ್ಣ."

"ಅವಳನ್ನ ಕೇಳ್ಕೊಂಡು ಕತ್ತರಿಸೋ ಕಾಲ ಬಂತಾ ನಂಗೆ? ಗುಂಡಿ ತರೋಕೆ ಹೋಗಿದಾಳೆ, ತರಲಿ." ಮಾವ ಕತ್ತರಿಸುವ ಮಷೀನಿನ ಸ್ವಿಚ್ಚಿಗೆ ಕೈ ಹಾಕಿದರು.

ಗುಂಡಿ ಎಂದ ಕೂಡಲೇ ನನಗೆ ನೆನಪಾಯಿತು. ಆರ್ಡರಿನ ಎರಡನೆಯ ಹಾಳೆ ನನ್ನ ಚೀಟಿಗಳ ಡಬ್ಬಿಯಲ್ಲಿತ್ತು. ಗುಂಡಿ, ದಾರ, ಚೀಟಿಯ ವಿಷಯವೆಲ್ಲ ಅದರಲ್ಲಿದೆ. ಮಾವ ಅದನ್ನು ನೋಡಿಯೇ ಇರಲಿಲ್ಲ. ಎದ್ದು ಹೋಗಿ ಆ ಹಾಳೆಯನ್ನು ಬಟ್ಟೆಯ ಮೇಲೆ, ಮಷೀನಿನ ಬಾಯಿಯ ಮುಂದೆಯೇ ಇಟ್ಟೆ.

"ಏನೇ ಇದು, ಮೌನಗೌರಿ?"

"ಗುಂಡಿ, ಮಾವ."

"ಗುಂಡಿಗೇನು?"

"ದೊಡ್ಡ ಗುಂಡಿ ನಾಲ್ಕೂವರೆ ಸಾವಿರ ಅಂತಿದೆ. ಒಂದು ಅಂಗಿಗೆ ಐದು. ಅಂದ್ರೆ ಒಂಬೈನೂರು ಅಂಗಿ. ಅಷ್ಟು ದೊಡ್ಡ ಗುಂಡಿ ಮಕ್ಕಳ ಅಂಗಿಗೆ ಹಾಕಲ್ಲ..." ಅಷ್ಟು ಹೇಳುವಷ್ಟರಲ್ಲಿ ನನ್ನ ಕಿವಿ ಬಿಸಿಯಾಗಿತ್ತು.

ಮಾವ ಕನ್ನಡಕ ಏರಿಸಿ ಹಾಳೆ ಓದಿದರು. ಬಟ್ಟೆಯ ರಾಶಿ ನೋಡಿದರು. ಮತ್ತೆ ಹಾಳೆ ಓದಿದರು.

"ಗುಂಡೀನೂ ತಪ್ಪು ಬರೆದಿರ್ಬೇಕು," ಎಂದರು. ಆದರೆ ದನಿ ಸಣ್ಣಗಾಗಿತ್ತು.

"ತಪ್ಪಿಲ್ಲ ಅಣ್ಣಾ," ಎಂದರು ಟೀಚರ್ ಬೆಂಚಿನಿಂದ. "ವಯಸ್ಸಾದ ಬೆರಳಿಗೆ ಚಿಕ್ಕ ಗುಂಡಿ ಹಿಡಿಯೋಕಾಗಲ್ಲ, ಅದಕ್ಕೇ ದೊಡ್ಡದು. ಎಲ್ಲಿ, ಹತ್ತು ದಾರದ ಉಂಡೆ ಕೊಡಿ."

ನಾನು ಹತ್ತು ಉಂಡೆ ಕೊಟ್ಟೆ. ಟೀಚರ್ ಅವನ್ನು ಮೇಜಿನ ತುದಿಯಲ್ಲಿ ನಿಲ್ಲಿಸಿದರು.

"ಇದು ಜಪಾನು ಅಂದ್ಕೊಳ್ಳಿ. ಹತ್ತು ಜನ ಇದ್ದಾರೆ. ಅದರಲ್ಲಿ ಹೆಚ್ಚು ಕಡಿಮೆ ಮೂರು ಜನ ಅರವತ್ತೈದು ದಾಟಿದವರು." ಮೂರು ಬಿಳಿ ಉಂಡೆಗಳನ್ನು ಆಚೆ ಸರಿಸಿದರು. "ಹದಿನೈದು ತುಂಬದ ಮಕ್ಕಳು ಒಬ್ಬರೇ." ಒಂದು ಹಳದಿ ಉಂಡೆ ಈಚೆ ಬಂತು.

"ಮೂರಕ್ಕೆ ಒಂದು!" ಎಂದಳು ಓವರ್‌ಲಾಕ್ ಅಕ್ಕ. "ಒಂಬೈನೂರಕ್ಕೆ ಮುನ್ನೂರು!"

"ಈಗ ನೈಜರ್ ಅಂತ ಒಂದು ದೇಶ. ಅಲ್ಲಿ ಹತ್ತರಲ್ಲಿ ಸುಮಾರು ಐದು ಮಕ್ಕಳು. ಮುದುಕರಿಗೆ ಅಂತ ಒಂದು ಉಂಡೆ ಇಡೋಕೂ ಆಗಲ್ಲ, ನೂರಕ್ಕೆ ಎರಡೋ ಮೂರೋ ಸಿಕ್ಕಾರು. ಇಡೀ ಪ್ರಪಂಚ ಸೇರಿಸಿದ್ರೆ ಹತ್ತರಲ್ಲಿ ಮಕ್ಕಳು ಎರಡೂವರೆ, ಹಿರಿಯರು ಒಂದು."

"ಅರ್ಧ ಉಂಡೆ ಎಲ್ಲಿಂದ ತರ್ತೀರಿ?" ಎಂದರು ಮಾವ. ತಮಾಷೆ ಮಾಡಿದರೆಂದರೆ ಸಿಟ್ಟು ಇಳಿದಿದೆ ಎಂದು ನಮಗೆಲ್ಲ ಗೊತ್ತು. "ಆದ್ರೂ ಟೀಚರಮ್ಮ, ಜನ ಹೆಚ್ಚಾಗ್ತಾನೇ ಇದಾರೆ ಅಂತಾರಲ್ಲ. ಬಸ್ಸಲ್ಲಿ ಒಂದು ಕಾಲಿಡೋಕೆ ಜಾಗ ಇಲ್ಲ."

"ಎಲ್ಲಿ ಹೆಚ್ಚಾಗಿದಾರೆ ಅಣ್ಣಾ? ನಮ್ಮ ಮಗನ ಸ್ಕೂಲಲ್ಲಿ ಒಂದನೇ ಕ್ಲಾಸಿಗೆ ಹನ್ನೊಂದೇ ಮಕ್ಕಳು," ಎಂದಳು ಓವರ್‌ಲಾಕ್ ಅಕ್ಕ. "ನಾವು ಓದೋವಾಗ ಒಂದೊಂದು ಬೆಂಚಲ್ಲಿ ಅರ್ಧ ಜನ ಗಾಳೀಲಿ ಕೂರ್ತಿದ್ವಿ."

"ಇಬ್ಬರೂ ಹೇಳೋದು ಸರೀನೇ," ಎಂದರು ಟೀಚರ್. "ಅರವತ್ತು ವರ್ಷದ ಹಿಂದೆ ಪ್ರಪಂಚದಲ್ಲಿ ಒಬ್ಬ ತಾಯಿಗೆ ಸರಾಸರಿ ಐದು ಮಕ್ಕಳು. ಈಗ ಎರಡಕ್ಕಿಂತ ಸ್ವಲ್ಪ ಜಾಸ್ತಿ. ಆದ್ರೆ ಆಗ ಹುಟ್ಟಿದ ಮಕ್ಕಳು ದೊಡ್ಡವರಾಗಿ ಅವರಿಗೂ ಮಕ್ಕಳಾದವು. ಎಲ್ಲರ ಆಯಸ್ಸೂ ಹೆಚ್ಚಾಯ್ತು. ಅದಕ್ಕೇ ಮನೇಲಿ ತೊಟ್ಟಿಲು ಕಮ್ಮಿ ಆದ್ರೂ ಜನ ಎಂಟು ನೂರು ಕೋಟಿ ದಾಟಿದಾರೆ. ಇನ್ನೂ ಐವತ್ತು ಅರವತ್ತು ವರ್ಷ ಏರಿ, ಸಾವಿರ ಕೋಟಿ ದಾಟಿ, ಆಮೇಲೆ ನಿಲ್ಲಬಹುದು ಅಂತ ತಿಳಿದವರ ಅಂದಾಜು. ಕೆಲವು ದೇಶದಲ್ಲಿ ಜನ ಈಗಾಗಲೇ ಕಮ್ಮಿ ಆಗ್ತಿದಾರೆ."

"ಒಂದೊಂದು ದೇಶ ಒಂದೊಂದು ತರ ಯಾಕೆ?" ಎಂದೆ ನಾನು. ಕೇಳಿದ ಮೇಲೆ ನನಗೇ ಆಶ್ಚರ್ಯವಾಯಿತು.

ಟೀಚರ್ ನನ್ನ ಕಡೆಗೇ ತಿರುಗಿ ಕೂತರು. "ಹೆಣ್ಮಕ್ಕಳು ಎಷ್ಟು ಓದ್ತಾರೆ, ಯಾವ ವಯಸ್ಸಿಗೆ ಮದುವೆ, ಆಸ್ಪತ್ರೆ ಎಷ್ಟು ದೂರ, ಹುಟ್ಟಿದ ಮಗು ಉಳಿಯುತ್ತೆ ಅನ್ನೋ ಧೈರ್ಯ ತಾಯಿಗೆ ಇದೆಯಾ. ಇದೆಲ್ಲದರ ಮೇಲೆ ಹೋಗುತ್ತಮ್ಮ. ಯಾರನ್ನೂ ಬಯ್ಯೋ ವಿಷಯ ಅಲ್ಲ. ಮಕ್ಕಳು ಜಾಸ್ತಿ ಇರೋ ಕಡೆ ಶಾಲೆ ಬೇಕು, ಲಸಿಕೆ ಬೇಕು. ಹಿರಿಯರು ಜಾಸ್ತಿ ಇರೋ ಕಡೆ ನೋಡ್ಕೊಳ್ಳೋ ಕೈ ಬೇಕು."

ಆಮೇಲೆ ಮಾವನನ್ನು ಕೇಳಿದರು. "ಅಣ್ಣಾ, ನೀವು ಅಳತೆ ತೆಗೀದೆ ಯಾರಿಗಾದ್ರೂ ಬಟ್ಟೆ ಕತ್ತರಿಸ್ತೀರಾ?"

"ಛೆ ಛೆ. ಸ್ವಂತ ತಮ್ಮ ಬಂದ್ರೂ ಟೇಪು ಹಾಕ್ದೆ ಕತ್ತರಿಸಲ್ಲ."

"ನಿಮ್ಮ ಬೀದಿಗೆ ಎಷ್ಟು ಶಾಲೆ, ಎಷ್ಟು ನರ್ಸು, ಎಷ್ಟು ಬಸ್ಸು ಅಂತ ಕತ್ತರಿಸೋವ್ರು ದೂರದ ಆಫೀಸಲ್ಲಿ ಕೂತಿದಾರೆ. ಅವರು ನಿಮ್ಮನ್ನ ನೋಡಿಲ್ಲ. ನಾನೇ ಅವರ ಟೇಪು. ನೀವು 'ನಾಲ್ಕೋ ಐದೋ' ಅಂತೀರಿ!"

ಓವರ್‌ಲಾಕ್ ಅಕ್ಕ ಸೆರಗು ಬಾಯಿಗೆ ಹಿಡಿದು ನಕ್ಕಳು. ಮಾವ ಸ್ವಿಚ್ಚಿನಿಂದ ಕೈ ತೆಗೆದರು. ಹಾಕಿದ್ದ ಗುರುತನ್ನೆಲ್ಲ ಬ್ರಷ್ಷಿನಿಂದ ಉಜ್ಜಿ ಅಳಿಸಿದರು. ಬಟ್ಟೆಗೆ ಒಂದು ಗೀರೂ ಬಿದ್ದಿರಲಿಲ್ಲ. ದೊಡ್ಡ ಅಂಗಿಯ ರಟ್ಟಿನ ಅಚ್ಚನ್ನು ಗೋಡೆಯ ಮೊಳೆಯಿಂದ ತೆಗೆದು ಹಾಸಿದ ಬಟ್ಟೆಯ ಮೇಲಿಟ್ಟು, ಕೈ ಒರೆಸಿಕೊಂಡು ಬೆಂಚಿಗೆ ಬಂದು ಕೂತರು.

"ಬರ್ಕೊಳ್ಳಿ. ನಾನು, ನನ್ನ ಹೆಂಡತಿ, ಮಗಳು, ಈ ಅಕ್ಕನ ಮಗಳು. ನಾಲ್ಕು."

"ಮತ್ತೆ ಯಾರಾದ್ರೂ?"

"ನಮ್ಮಮ್ಮ ಇದಾರೆ. ಹಾಸಿಗೇಲೇ ಇರ್ತಾರೆ. ಅವರನ್ನೇನು ಎಣಿಸೋದು, ವಯಸ್ಸಾಯ್ತು..."

ಹೇಳುತ್ತ ಹೇಳುತ್ತ ಮಾವ ಮಾತು ನಿಲ್ಲಿಸಿದರು. ಅವರ ಕಣ್ಣು ಆ ಮೂರು ಬಿಳಿ ಉಂಡೆಗಳ ಮೇಲೆ ಹೋಗಿತ್ತು.

ಒಳಕೋಣೆಯಿಂದ ಅಜ್ಜಿಯ ದನಿ ಬಂತು. "ಏನಂದ್ಯೋ? ನನ್ನ ಕಿವಿ ಇನ್ನೂ ಹೋಗಿಲ್ಲ."

ಮಾವ ಎದ್ದು ಹೋಗಿ, ಅಜ್ಜಿಯ ತೋಳು ಹಿಡಿದು ಮೆಲ್ಲನೆ ನಡೆಸಿಕೊಂಡು ಬಂದು ಟೀಚರ್ ಪಕ್ಕದಲ್ಲಿ ಕೂರಿಸಿದರು.

"ಐದು ಜನ ಟೀಚರಮ್ಮ. ಮೊದಲು ಇವರ ಹೆಸರೇ ಬರೀರಿ."

"ವಯಸ್ಸೆಷ್ಟು ಅಜ್ಜಿ?"

"ಎಂಬತ್ತೊಂದು, ಮಗಳೇ. ಇದುವರೆಗೆ ಯಾರೂ ಕೇಳಿರಲಿಲ್ಲ." ಅಜ್ಜಿ ಟೀಚರ್ ಕೈಯ ಮೇಲೆ ಕೈ ಇಟ್ಟರು. "ಇನ್ನೊಂದು ಬರ್ಕೋ. ಆರೋಗ್ಯ ಕೇಂದ್ರದ ಮೆಟ್ಟಿಲಿಗೆ ಹಿಡ್ಕೊಳ್ಳೋಕೆ ಕಂಬಿ ಇಲ್ಲ. ಅದಕ್ಕೇ ನಾನು ಹೋಗೋದು ಬಿಟ್ಟಿದ್ದು."

"ಅದನ್ನ ಬರೆಯೋಕೆ ಈ ಹಾಳೇಲಿ ಜಾಗ ಇಲ್ಲ ಅಜ್ಜಿ. ಆದ್ರೆ ನಿಮ್ಮಂಥವರು ಈ ಬೀದೀಲಿ ಎಷ್ಟು ಜನ ಇದಾರೆ ಅಂತ ಗೊತ್ತಾದ್ರೆ, ಕಂಬಿ ಹಾಕಿ ಅಂತ ಕೇಳೋಕೆ ನಮ್ಮ ಕೈಲಿ ಲೆಕ್ಕ ಇರುತ್ತೆ."

"ಹಾಗಾದ್ರೆ ಎದುರುಮನೆಯವಳನ್ನೂ ಬಿಡಬೇಡ. ನನಗಿಂತ ಎರಡು ವರ್ಷ ದೊಡ್ಡವಳು. ಕೇಳಿದ್ರೆ ಎಪ್ಪತ್ತು ಅಂತಾಳೆ, ನಂಬಬೇಡ."

ಟೀಚರ್ ಎದ್ದಾಗ ಮಾವ ಅವರ ಕಿತ್ತ ಚಪ್ಪಲಿ ಇಸಿದುಕೊಂಡು, ದಪ್ಪ ದಾರದಿಂದ ಬಾರು ಹೊಲಿದುಕೊಟ್ಟರು. ಆಮೇಲೆ ಅವರ ಜೊತೆ ತಾವೇ ಎದುರುಮನೆಯ ಬಾಗಿಲಿನವರೆಗೆ ಹೋದರು. ಎಲ್ಲರ ಹೆಸರೂ ಬರೆಸಿ ಎಂದು ಆ ಮನೆಯವರಿಗೆ ಬುದ್ಧಿ ಹೇಳುವ ದನಿ ನಮಗೆಲ್ಲ ಇಲ್ಲಿಗೇ ಕೇಳುತ್ತಿತ್ತು.

ಇದನ್ನು ಓದುತ್ತಿರುವ, ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಜನಗಣತಿಯವರು ಇವತ್ತೋ ನಾಳೆಯೋ ನಿಮ್ಮ ಬಾಗಿಲಿಗೂ ಬರುತ್ತಾರೆ. ಅವರನ್ನು ಕೂರಿಸಿ, ಒಂದು ಲೋಟ ನೀರು ಕೊಡಿ. ವಯಸ್ಸನ್ನು ಅಂದಾಜಿನಲ್ಲಿ ಹೇಳಬೇಡಿ. ನಿನ್ನೆ ಹುಟ್ಟಿದ ಕೂಸನ್ನು ಹೇಳಿ, ಬಾಡಿಗೆಗೆ ಇರುವವರನ್ನು ಹೇಳಿ. ಹೇಳಿ ಮುಗಿಯಿತು ಎನ್ನಿಸಿದಾಗ ಒಂದು ಸಲ ಹಿಂತಿರುಗಿ ಒಳಕೋಣೆಯ ಕಡೆ ನೋಡಿ. ಅಲ್ಲಿ ಯಾರಾದರೂ ಉಳಿದಿದ್ದರೆ, ಕೈ ಹಿಡಿದು ಹೊರಗೆ ಕರೆದುಕೊಂಡು ಬನ್ನಿ.